ಮನೆಯಲ್ಲೇ ಸೀರೆ ಸೇಲ್: ಯಾವ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಬಹುದು?

ಶ್ರಾವಣ ಹತ್ತಿರ ಬಂತೆಂದರೆ ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳ ಹಾಲ್ ಎರಡು ದಿನದ ಮಟ್ಟಿಗೆ ಅಂಗಡಿಯಾಗುತ್ತದೆ. ಸೋಫಾ ಗೋಡೆಗೆ ಸರಿಯುತ್ತದೆ. ದಿವಾನದ ಮೇಲೆ ಇಳಕಲ್, ಮೊಳಕಾಲ್ಮೂರು, ಸಾಫ್ಟ್ ಸಿಲ್ಕ್ ಸೀರೆಗಳು ಹರಡಿಕೊಳ್ಳುತ್ತವೆ. ಬಂದವರಿಗೆ ಕೇಸರಿಬಾತು, ಕಾಫಿ. ಹೊರಡುವಾಗ ಅರಿಶಿನ ಕುಂಕುಮ, ಬ್ಲೌಸ್ ಪೀಸು. ವ್ಯಾಪಾರವೇನೋ ಚೆನ್ನಾಗಿಯೇ ಆಗುತ್ತದೆ. ರಿಟರ್ನ್ಸ್ ಹಾಕುವ ಹೊತ್ತಿಗೆ ಆಡಿಟರ್ ‘ಖರ್ಚೆಷ್ಟಾಯ್ತು ಮೇಡಂ?’ ಎಂದಾಗ ಮಾತ್ರ, ‘ಅಯ್ಯೋ, ಅದನ್ನೆಲ್ಲ ಯಾರು ಬರೆದಿಟ್ಟಿದ್ದಾರೆ!’

ಇಲ್ಲಿ ಹೇಳಿರುವುದು 2025–26ರ ಆದಾಯದ ಲೆಕ್ಕ. ಅದಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯೇ ಅನ್ವಯ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ.

ಮೊದಲು: ಮಾಲು ಯಾರದ್ದು?

ಉಳಿದೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆ. ನೀವೇ ದುಡ್ಡು ಹಾಕಿ ಸೀರೆ ತಂದು ಮಾರಿದರೆ ಅದು ವ್ಯಾಪಾರ. ಕಂಪನಿಯ ಡಬ್ಬಿ, ಪಾತ್ರೆ, ಸೌಂದರ್ಯ ಸಾಮಗ್ರಿಯನ್ನು ನಾಲ್ಕು ಜನರನ್ನು ಸೇರಿಸಿ ತೋರಿಸಿ, ಆರ್ಡರ್ ಹಿಡಿದು ಕೊಟ್ಟರೆ ನಿಮಗೆ ಬರುವುದು ಕಮಿಷನ್.

ಸ್ವಂತ ಮಾಲು ಮಾರುವವರಿಗೆ ಸೆಕ್ಷನ್ 44ಎಡಿ ಎಂಬ ಸುಲಭದ ದಾರಿಯಿದೆ. ವಹಿವಾಟು 2 ಕೋಟಿ ರೂಪಾಯಿ ಒಳಗಿದ್ದರೆ, ನಗದು ಮಾರಾಟದ ಶೇ 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದರ ಶೇ 6ರಷ್ಟನ್ನು ಲಾಭವೆಂದು ತೋರಿಸಿದರಾಯಿತು. ವರ್ಷಕ್ಕೆ 9 ಲಕ್ಷದ ವ್ಯಾಪಾರದಲ್ಲಿ 7 ಲಕ್ಷ ಯುಪಿಐನಲ್ಲಿ, 2 ಲಕ್ಷ ನಗದಿನಲ್ಲಿ ಬಂದಿದೆ ಎನ್ನಿ. 42,000 ಮತ್ತು 16,000 ಸೇರಿ ಲಾಭ 58,000 ರೂಪಾಯಿ. ಇದು ಕನಿಷ್ಠ. ನಿಜವಾಗಿ ಉಳಿದದ್ದು ಅದಕ್ಕಿಂತ ಹೆಚ್ಚಾಗಿದ್ದರೆ ಹೆಚ್ಚಿನದನ್ನೇ ತೋರಿಸುವುದು ಸರಿ. ಈ ದಾರಿ ಹಿಡಿದಮೇಲೆ ಕೇಸರಿಬಾತಿನ ಖರ್ಚು, ಆಟೊ ಖರ್ಚು ಎಂದು ಬೇರೆಯಾಗಿ ಕಳೆಯುವಂತಿಲ್ಲ. ಅವೆಲ್ಲ ಆಗಲೇ ಕಳೆದಾಯಿತು ಎಂದು ಕಾನೂನಿನ ಎಣಿಕೆ. ಇನ್ನೊಂದು ಮಾತು: ಈ ದಾರಿಗೆ ಬಂದು ಮುಂದಿನ ಐದು ವರ್ಷದೊಳಗೆ ಇದಕ್ಕಿಂತ ಕಡಿಮೆ ಲಾಭ ತೋರಿಸಿ ಹೊರಗೆ ಹೋದರೆ, ಆಮೇಲೆ ಐದು ವರ್ಷ ಒಳಗೆ ಬಿಡುವುದಿಲ್ಲ.

ಕಮಿಷನ್‌ನವರಿಗೆ ಈ ಬಾಗಿಲು ಮುಚ್ಚಿದೆ. ಅವರು ನಿಜವಾದ ಖರ್ಚು ತೋರಿಸಿಯೇ ಕಳೆಯಬೇಕು. ವರ್ಷಕ್ಕೆ 20,000 ರೂಪಾಯಿ ಮೀರಿದ ಕಮಿಷನ್‌ಗೆ ಕಂಪನಿ ಶೇ 2ರಂತೆ ಟಿಡಿಎಸ್ (ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿರುತ್ತದೆ. ಹೀಗೆ ಹಿಡಿದ ತೆರಿಗೆಯ ವಿವರವಿರುವ 26ಎಎಸ್ ತೆಗೆದು ನೋಡಿ. ಹೆಚ್ಚು ಮಾರಿದ್ದಕ್ಕೆ ಬಂಗಾರದ ನಾಣ್ಯವನ್ನೋ ವಿದೇಶ ಪ್ರವಾಸವನ್ನೋ ಕೊಟ್ಟಿದ್ದರೆ ಅದೂ ಆದಾಯವೇ. ‘ಗಿಫ್ಟು ತಾನೇ’ ಎಂದು ಬಿಟ್ಟವರಿಗೆ ನೋಟಿಸ್ ಬಂದಾಗಲೇ ಅರ್ಥವಾಗುವುದು.

ಹೊಸ ತೆರಿಗೆ ಪದ್ಧತಿಯಲ್ಲಿ ಏನನ್ನೂ ಕಳೆಯಲಾಗದು ಎಂಬ ಮಾತೊಂದು ಓಡಾಡುತ್ತಿದೆ. ಅದು 80ಸಿ ಥರದ ಉಳಿತಾಯಗಳಿಗೆ ಸಂಬಂಧಿಸಿದ ಮಾತು. ವ್ಯಾಪಾರದ ಖರ್ಚನ್ನು ಎರಡೂ ಪದ್ಧತಿಯಲ್ಲಿ ಕಳೆಯಬಹುದು.

ಖಾತೆ ಬೇರೆ ಮಾಡಿ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟದ್ದು, ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿ ಬಿದ್ದದ್ದು ನೆನಪಿರಬಹುದು. ಸರಕು ಮಾರುವವರಿಗೆ ಇಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಮನೆಯ ಸೇಲ್ ಆ ಗೆರೆ ಮುಟ್ಟುವುದು ಅಪರೂಪ. ತೊಡಕಾಗುವುದು ತಂಗಿ ಕಳಿಸಿದ ಸಾಲ, ಚೀಟಿ ದುಡ್ಡು, ಸೀರೆ ದುಡ್ಡು ಎಲ್ಲ ಒಂದೇ ಖಾತೆಗೆ ಬಿದ್ದಾಗ. ಸೇಲಿಗೇ ಒಂದು ಬೇರೆ ಖಾತೆ, ಅದರದ್ದೇ ಕ್ಯೂಆರ್ ಕೋಡ್ ಇರಲಿ. ಹೆದರಿ ನಗದಿಗೆ ತಿರುಗಬೇಡಿ; 44ಎಡಿಯಲ್ಲಿ ನಗದಿಗೇ ಹೆಚ್ಚು ಲಾಭ ತೋರಿಸಬೇಕು!

ಸೇಲಿನ ದಿನದ ಪುಟ

ನಾನು ನೋಡಿದ ಅತಿ ಒಳ್ಳೆಯ ಲೆಕ್ಕ, ಹಾಲಿನ ಲೆಕ್ಕ ಬರೆಯುವ ಉದ್ದನೆಯ ಪುಸ್ತಕದಲ್ಲಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಐದು ದಿನ ಮುಂಚಿನ ಒಂದು ಪುಟ ಹೀಗಿತ್ತು:

ಆಗಸ್ಟ್ 3, ಭಾನುವಾರ. ಕುರ್ಚಿ 25, ಬಾಡಿಗೆ 250. ಫ್ಲೆಕ್ಸ್ 600. ತಿಂಡಿ, ಕಾಫಿ 2,400. ಬ್ಲೌಸ್ ಪೀಸು 38, ತಲಾ 60ರಂತೆ 2,280. ಮಡಚಿಡಲು ಬಂದ ಹುಡುಗಿಗೆ 700. ಆಟೊ 340. ಕೈಚೀಲ 450. ಒಟ್ಟು 7,020.

ಪಕ್ಕದಲ್ಲೇ ಪಿನ್ ಮಾಡಿದ ಬಿಲ್ಲುಗಳು. ಬಿಲ್ಲಿಲ್ಲದ ಆಟೊಗೆ, ಎಲ್ಲಿಂದ ಎಲ್ಲಿಗೆ ಎಂದು ಒಂದು ಸಾಲು. 44ಎಡಿ ದಾರಿ ಹಿಡಿಯದವರಿಗೆ ಇವೆಲ್ಲ ಕಳೆಯಬಹುದಾದ ಖರ್ಚು. ನಿಯಮ ಕೇಳುವುದು ‘ಪೂರ್ತಿಯಾಗಿ ವ್ಯಾಪಾರಕ್ಕೇ ಆಯಿತೇ’ ಎಂದು ಮಾತ್ರ. ಹಾಗಾಗಿ ಹಬ್ಬದ ದಿನವೇ ಪೂಜೆಗೆ ಕರೆದು ಒಳಕೋಣೆಯಲ್ಲಿ ಸೀರೆ ತೋರಿಸಬೇಡಿ. ಒಬ್ಬಟ್ಟಿನ ಖರ್ಚಿನಲ್ಲಿ ಯಾವುದು ನೆಂಟರಿಗೆ, ಯಾವುದು ಗಿರಾಕಿಗೆ ಎಂದು ಬಿಡಿಸಲು ಯಾರಿಂದಲೂ ಆಗದು. ಅಂದು ನೀವು ಉಟ್ಟ ಸೀರೆ, ಪಾರ್ಲರ್ ಬಿಲ್ಲು ಸೇರುವುದಿಲ್ಲ. ಮಾರಿದ ಸೀರೆಯ ಕುಚ್ಚು, ಫಾಲ್ ಕೂಲಿ ಸೇರುತ್ತದೆ. ಬೀರು, ಸ್ಟೀಮ್ ಐರನ್‌ನಂಥವುಗಳ ಬೆಲೆಯನ್ನು ಒಂದೇ ಬಾರಿ ಕಳೆಯುವಂತಿಲ್ಲ, ವರ್ಷವರ್ಷವೂ ಸವಕಳಿಯಾಗಿ ಕಳೆಯಬೇಕು. ಬೀರುವಿಗೆ ಅದು ಶೇ 10.

ಮನೆ ಬಾಡಿಗೆ

ಸ್ವಂತ ಮನೆಯಾದರೆ, ಬಾಡಿಗೆ ಕೊಟ್ಟಂತೆ ಎಂದು ಊಹಿಸಿಕೊಂಡು ಕಳೆಯಲು ಬರುವುದಿಲ್ಲ. ಬಾಡಿಗೆ ಮನೆಯಾದರೆ ವ್ಯಾಪಾರಕ್ಕೆ ಬಳಸಿದಷ್ಟು ಭಾಗ. ತಿಂಗಳಿಗೆ 18,000 ಬಾಡಿಗೆ, ಮನೆಯ ಐದನೇ ಒಂದು ಭಾಗದಷ್ಟಿರುವ ಹಾಲ್, ವರ್ಷಕ್ಕೆ ಆರು ದಿನ ಸೇಲು: ಲೆಕ್ಕ ಹಾಕಿದರೆ ಸಿಗುವುದು ಸುಮಾರು 710 ರೂಪಾಯಿ. ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಆದರೆ ವರ್ಷವಿಡೀ ಸೀರೆ ಇಡಲೆಂದೇ ಮೀಸಲಿಟ್ಟ ಕೋಣೆ ಮನೆಯ ಶೇ 12ರಷ್ಟಿದ್ದರೆ ಅದೇ ಲೆಕ್ಕ 25,920 ಆಗುತ್ತದೆ. ನಿಮ್ಮ ಯಜಮಾನರು ಇದೇ ಬಾಡಿಗೆ ತೋರಿಸಿ ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆಗೆ (ಎಚ್‌ಆರ್‌ಎ) ವಿನಾಯಿತಿ ಪಡೆಯುತ್ತಿದ್ದಾರೆಯೇ ಎಂದು ಮಾತ್ರ ಮೊದಲು ಕೇಳಿಕೊಳ್ಳಿ.

ಕೊಂಡ ಮಾಲು, ಉಳಿದ ಮಾಲು

ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟು ಕೊಂಡರೆ ಆ ಖರ್ಚು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದಕ್ಕೊಂದು ಸೊಗಸಾದ ವಿನಾಯಿತಿ ಇದೆ: ವಿದ್ಯುತ್ ಬಳಸದೆ ಗುಡಿ ಕೈಗಾರಿಕೆಯಲ್ಲಿ ತಯಾರಾದ ವಸ್ತುವನ್ನು ತಯಾರಿಸಿದವರಿಂದಲೇ ಕೊಂಡರೆ ನಗದು ನಡೆಯುತ್ತದೆ. ಇಳಕಲ್‌ನಲ್ಲಿ ಕೈಮಗ್ಗದ ನೇಕಾರರ ಕೈಗೇ ದುಡ್ಡು ಕೊಟ್ಟರೆ ಸರಿ. ದೊಡ್ಡಬಳ್ಳಾಪುರದ ಪವರ್‌ಲೂಮ್ ಸೀರೆಗೆ ಬ್ಯಾಂಕಿನಿಂದಲೇ ಕಳಿಸಿ.

ಎಲ್ಲರೂ ಎಡವುವುದು ಉಳಿದ ಸೀರೆಯಲ್ಲಿ. 3 ಲಕ್ಷದ ಮಾಲು ತಂದು 1.2 ಲಕ್ಷದ್ದು ಬೀರುವಿನಲ್ಲೇ ಇದ್ದರೆ ಈ ವರ್ಷದ ಖರ್ಚು 1.8 ಲಕ್ಷ ಮಾತ್ರ. ಉಳಿದದ್ದು ಮಾರಾಟವಾದ ವರ್ಷಕ್ಕೆ ಸೇರುತ್ತದೆ. ಮಾರ್ಚ್ 31ರ ಸಂಜೆ ಬೀರು ತೆಗೆದು, ಒಂದೊಂದೇ ಸೀರೆಯನ್ನು ಕೊಂಡ ಬೆಲೆಯೊಂದಿಗೆ ಅದೇ ಪುಸ್ತಕದಲ್ಲಿ ಬರೆಯಿರಿ. ಮಗಳು ‘ಅಮ್ಮ, ಇದು ನಂಗೆ’ ಎಂದು ಎತ್ತಿಟ್ಟುಕೊಂಡದ್ದನ್ನು ಮಾತ್ರ ಕೊಂಡ ಬೆಲೆಗೇ ಮನೆ ಖರ್ಚಿಗೆ ಬರೆದು, ವ್ಯಾಪಾರದ ಲೆಕ್ಕದಿಂದ ತೆಗೆದುಬಿಡಿ.