ಶ್ವಾರ್ಟ್ಜ್ ರಿಯೇಜೆಂಟ್ ಮಾಡಿದ್ದು: ನನ್ನ ಅನುಭವ

ಶ್ವಾರ್ಟ್ಜ್ ರಿಯೇಜೆಂಟ್ ಅನ್ನೋ ರಾಸಾಯನಿಕದ ನನ್ನ ಮೊದಲ ಬ್ಯಾಚ್ ಗುಲಾಬಿ ಬಣ್ಣಕ್ಕೆ ತಿರುಗಿತು. ಬೆಳ್ಳಗಿರಬೇಕಾದ ಪುಡಿ! ತಪ್ಪು ನನ್ನದೇ. ಬೆಳಕು ತಾಗಿದರೆ ಹಾಳಾಗುವ ವಸ್ತು ಅಂತ ಗೊತ್ತಿದ್ದೂ, ಕಿಟಕಿ ಪಕ್ಕ ಸುಮ್ನೆ ಬಿಟ್ಟು ಊಟಕ್ಕೆ ಹೋಗಿದ್ದೆ.

ಜಿರ್ಕೋನಿಯಂ ಎಂಬ ಲೋಹಕ್ಕೆ ಎರಡು ಸೈಕ್ಲೋಪೆಂಟಾಡೈಈನೈಲ್ ಉಂಗುರ (ಐದು ಕಾರ್ಬನ್‌ನದ್ದು), ಒಂದು ಹೈಡ್ರೋಜನ್, ಒಂದು ಕ್ಲೋರಿನ್. ಇಷ್ಟೇ ಇದು. 1970ರಲ್ಲಿ ಮೊದಲು ಮಾಡಿದವರು ವೇಲ್ಸ್ ಮತ್ತು ವೈಗೋಲ್ಡ್ ಎಂಬ ವಿಜ್ಞಾನಿಗಳು. ಆಲ್ಕೀನ್‌ಗಳ (ಕಾರ್ಬನ್‌ಗಳ ನಡುವೆ ಡಬಲ್ ಬಾಂಡ್ ಇರುವವು) ಜೊತೆ ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ 1974ರಲ್ಲಿ ತೋರಿಸಿದ್ದು ಶ್ವಾರ್ಟ್ಜ್. ಹೆಸರು ಅವರದೇ ಉಳಿಯಿತು.

ಎರಡನೇ ಸಲ ಫ್ಲಾಸ್ಕಿಗೆ ಮೊದಲೇ ಅಲ್ಯೂಮಿನಿಯಂ ಫಾಯಿಲ್ ಸುತ್ತಿದೆ. ಆರ್ಗಾನ್ ಅನಿಲದ ಒಳಗೆ, 10 ಗ್ರಾಂ ಜಿರ್ಕೋನೋಸೀನ್ ಡೈಕ್ಲೋರೈಡನ್ನು (ಹೈಡ್ರೋಜನ್ ಜಾಗದಲ್ಲೂ ಕ್ಲೋರಿನ್ ಇರುವುದು) 65 ಮಿಲಿ ಒಣ ಟಿಎಚ್‌ಎಫ್‌ ಎಂಬ ದ್ರಾವಕದಲ್ಲಿ ಕರಗಿಸಿದೆ. ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್‌ನ ಈಥರ್ ದ್ರಾವಣವನ್ನು ಮುಕ್ಕಾಲು ಗಂಟೆ ತೊಟ್ಟು ತೊಟ್ಟಾಗಿ ಬಿಟ್ಟೆ. ಡೈಕ್ಲೋರೈಡ್‌ನ ಮೋಲ್ ಲೆಕ್ಕದ ಕಾಲು ಪಾಲು ಸಾಕು, ಇದರ ಒಂದು ಅಣುವಿನಲ್ಲೇ ನಾಲ್ಕು ಹೈಡ್ರೈಡ್ (ಕೊಡಬಲ್ಲ ಹೈಡ್ರೋಜನ್) ಇವೆಯಲ್ವಾ. ಇನ್ನೂ ಒಂದೂವರೆ ಗಂಟೆ ಕಲಕಿದ ಮೇಲೆ ಬಿಳಿ ಗಸಿ ಗಟ್ಟಿಯಾಗಿ ಕೂತಿತು. ಗಾಳಿ ತಾಗದಂತೆ ಸೋಸಿ ಟಿಎಚ್‌ಎಫ್‌ನಲ್ಲಿ ತೊಳೆದೆ.

ಕಷ್ಟ ಇರುವುದು ಇದರ ನಂತರ. ಹೈಡ್ರೈಡ್ ಸ್ವಲ್ಪ ಅತಿಯಾಗಿ ಕೆಲಸ ಮಾಡಿ, ಒಂದಿಷ್ಟು ಡೈಹೈಡ್ರೈಡ್ (ಎರಡೂ ಕ್ಲೋರಿನ್ ಹೋಗಿ ಎರಡು ಹೈಡ್ರೋಜನ್ ಬಂದಿದ್ದು) ಬೆರೆತಿರುತ್ತದೆ. ಅದನ್ನು ಸರಿಮಾಡುವುದು ಡೈಕ್ಲೋರೋಮೀಥೇನ್: ಡೈಹೈಡ್ರೈಡ್‌ಗೆ ಬೇಗನೆ ಒಂದು ಕ್ಲೋರಿನ್ ಕೊಟ್ಟು ನಮಗೆ ಬೇಕಾದ್ದನ್ನೇ ಮಾಡುತ್ತದೆ. ಆದರೆ ಜಾಸ್ತಿ ಹೊತ್ತು ಬಿಟ್ಟರೆ ನಮ್ಮ ಪುಡಿಯನ್ನೂ ತಿಂದು ಮತ್ತೆ ಡೈಕ್ಲೋರೈಡ್ ಮಾಡಿಬಿಡುತ್ತದೆ! ಹತ್ತು ನಿಮಿಷ ದಾಟಬಾರದು. ನಾನು ಫೋನಿನಲ್ಲಿ ಟೈಮರ್ ಇಟ್ಟು, ಎಂಟಕ್ಕೇ ಸೋಸಿದೆ. ಈಥರ್‌ನಲ್ಲಿ ತೊಳೆದು, ಕತ್ತಲಲ್ಲೇ ವ್ಯಾಕ್ಯೂಮಿನಲ್ಲಿ ಒಣಗಿಸಿದಾಗ 7 ಗ್ರಾಂ ಸಿಕ್ಕಿತು. ಈ ಸಲ ಅಪ್ಪಟ ಬಿಳಿ.

ಪುಡಿ ಟಿಎಚ್‌ಎಫ್‌ನಲ್ಲಿ ಹೆಚ್ಚುಕಮ್ಮಿ ಕರಗುವುದೇ ಇಲ್ಲ. ಇದು ತೊಂದರೆಯಲ್ಲ, ಉಪಕಾರ. 1-ಆಕ್ಟೈನ್ (ತುದಿಯಲ್ಲಿ ಟ್ರಿಪಲ್ ಬಾಂಡ್ ಇರುವ ಎಂಟು ಕಾರ್ಬನ್‌ಗಳ ಸರಪಳಿ) ಹಾಕಿದೆ. ಸುಣ್ಣದ ನೀರಿನಂತಿದ್ದದ್ದು ನೋಡ್ತಾ ನೋಡ್ತಾ ತಿಳಿಯಾಗಿ, ಹಳದಿಯಾಯಿತು. ಪುಡಿ ಕಾಣೆಯಾದರೆ ರಿಯಾಕ್ಷನ್ ಆಯಿತು ಅಂತ. ಜಿರ್ಕೋನಿಯಂ ತುದಿಯ ಕಾರ್ಬನ್ನಿಗೇ ಹೋಗಿ ಕೂರುತ್ತದೆ. ಆಮೇಲೆ ಜಿರ್ಕೋನಿಯಂ ಜಾಗಕ್ಕೆ ಅಯೋಡಿನ್ ಬರಲಿ ಅಂತ, ಐಸಿನಲ್ಲಿಟ್ಟು ಅದನ್ನು ಬಿಟ್ಟೆ. ಕಂದು ಬಣ್ಣ ಬಿದ್ದಲ್ಲೇ ಮಾಯವಾಗುತ್ತಿತ್ತು. ಬಣ್ಣ ನಿಂತ ತಕ್ಷಣ ನಾನೂ ನಿಲ್ಲಿಸಿದೆ. ಎನ್‌ಎಂಆರ್‌ನಲ್ಲಿ (ಅಣುವಿನ ರಚನೆ ತೋರಿಸುವ ಪರೀಕ್ಷೆ) ಡಬಲ್ ಬಾಂಡ್‌ನ ಎರಡು ವಿನೈಲ್ ಹೈಡ್ರೋಜನ್‌ಗಳ ನಡುವಿನ ಕಪ್ಲಿಂಗ್ ಸುಮಾರು 14 ಹರ್ಟ್ಜ್, ಅಂದರೆ ಅವೆರಡೂ ಎದುರು ಬದಿಗಳಲ್ಲಿವೆ (ಟ್ರಾನ್ಸ್). ಬೇಕಾಗಿದ್ದ ಟ್ರಾನ್ಸ್ ಅಯೊಡೈಡೇ ಬಂದಿತ್ತು.