ಹೊಸ ಪಿಕಪ್‌ನಲ್ಲಿ ಹಳೆಯ ಅನುಕೂಲಗಳು: ಯಾವುದು ಇರಲಿ, ಯಾವುದು ಹೋಗಲಿ

ಬೊಲೆರೊ ಪಿಕಪ್, ಟಾಟಾ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್ ತರಹದ ಗಾಡಿ ಕೊಳ್ಳಲು ಹೊರಟವರಿಗೆ ಕೆಳಗಿನ ಮಾದರಿ ಸಾಕೋ, ಮೇಲಿನದೇ ಬೇಕೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಂದರಲ್ಲಿ ಕೈಯಲ್ಲಿ ತಿರುಗಿಸುವ ಕಿಟಕಿ, ಮುಳ್ಳಿನ ಮೀಟರು. ಇನ್ನೊಂದರಲ್ಲಿ ಪವರ್ ವಿಂಡೋ, ಪರದೆ. ಹಳೆಯದೇ ಗಟ್ಟಿ ಎಂದು ವಾದಿಸುವವರೂ ಇದ್ದಾರೆ, ಈ ಕಾಲದಲ್ಲಿ ಅದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಒಟ್ಟಾಗಿ ನೋಡಿದರೆ ಈ ಜಗಳ ಬಗೆಹರಿಯುವುದಿಲ್ಲ, ಬಿಡಿಬಿಡಿಯಾಗಿ ನೋಡಬೇಕು. ಬೆಳಗಿನ ಜಾವ ಮೂರು ಗಂಟೆಗೆ, ಟೊಮೆಟೊ ಬಾಕ್ಸ್ ತುಂಬಿಕೊಂಡು ಕೋಲಾರದ ಎಪಿಎಂಸಿ ಯಾರ್ಡಿಗೆ ಹೋಗುವ ದಾರಿಯಲ್ಲಿ ಆ ಒಂದು ಭಾಗ ಕೈಕೊಟ್ಟರೆ, ಸೀಟಿನಡಿಯ ಪಾನಾ, ಸ್ಕ್ರೂಡ್ರೈವರಿನಲ್ಲೇ ಗಾಡಿಯನ್ನು ಯಾರ್ಡ್ ಮುಟ್ಟಿಸಬಹುದೇ? ಈ ಅಳತೆಗೋಲು ಹಿಡಿದರೆ ಹಿಂದಿನ ಬಾಡಿ, ಸ್ಟೆಪ್ನಿ, ಡೀಸೆಲ್ ದಾರಿ ಈ ಮೂರು ಕಡೆ ಹಳೆಯ ಕೈಕೆಲಸದ ವ್ಯವಸ್ಥೆಯೇ ಮೇಲು. ಕ್ಯಾಬಿನ್ನಿನೊಳಗೆ ಹೊಸದು ಬಂದರೆ ಧಾರಾಳವಾಗಿ ಬರಲಿ.

ಹಿಂದಿನ ಬಾಡಿ

ಮೂರೂ ಕಡೆ ಡೋರು ಬಿಚ್ಚುವ ಬಾಡಿಯನ್ನು ಬಿಟ್ಟುಕೊಡಬೇಡಿ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಗಾಡಿಗಳ ಹಿಂಭಾಗ ತೊಟ್ಟಿಯಂತಿದ್ದು ಹಿಂದಿನ ಡೋರೊಂದೇ ತೆರೆಯುತ್ತದೆ. ಲಗೇಜಿಗೆ, ಬೈಕಿಗೆ ಅದು ಸಾಕು. ಆದರೆ ಯಾರ್ಡಿನ ಕಟ್ಟೆಗೆ ಪಕ್ಕ ಹಚ್ಚಿ ಬಾಕ್ಸ್ ಇಳಿಸುವವರಿಗೆ, ಇಟ್ಟಿಗೆ ಹೊರುವವರಿಗೆ ಸೈಡ್ ಡೋರು ಇಲ್ಲದಿದ್ದರೆ ಪ್ರತಿ ಟ್ರಿಪ್ಪಿಗೂ ಒಬ್ಬ ಆಳು ಮೇಲೆ ಹತ್ತಿ ಸರಕನ್ನು ಹಿಂದಕ್ಕೆ ಎಳೆದು ಕೊಡುತ್ತಿರಬೇಕಾಗುತ್ತದೆ.

ಇಂಥ ಬಾಡಿಯಲ್ಲಿ ಕೆಡುವುದು ಮೂರು ಜಾಗ. ಮೊದಲನೆಯದು ಹಿಂಜಿನ ಪಿನ್ನು. ಅದರ ತುದಿಯ ಸ್ಪ್ಲಿಟ್ ಪಿನ್ ತುಂಡಾಗಿ ಬಿದ್ದರೂ ಗೊತ್ತಾಗುವುದಿಲ್ಲ. ಆಮೇಲೊಂದು ದಿನ ಹಿಂಜಿನ ಪಿನ್ನೇ ಜಾರಿ ಡೋರು ಒಂದು ಮೂಲೆಯಲ್ಲಿ ನೇತಾಡುತ್ತದೆ. ಆ ಜಾಗಕ್ಕೆ ಮೊಳೆ ಬಗ್ಗಿಸಿ ಹಾಕುವುದು ಎಲ್ಲೆಡೆ ಇರುವ ಅಭ್ಯಾಸ. ಕುಲುಕಾಟಕ್ಕೆ ಅದು ಬಾಳುವುದಿಲ್ಲ, ಅದೇ ಗಾತ್ರದ ನಾಲ್ಕು ಸ್ಪ್ಲಿಟ್ ಪಿನ್ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ಎರಡನೆಯದು ಚಿಲಕ. ಅದರ ಮೂತಿ ಸವೆದು ಆಟ ಬಂದರೆ ಖಾಲಿ ಗಾಡಿಯಲ್ಲಿ ಗಡಗಡ ಸದ್ದು ಬರುತ್ತದೆ. ಸದ್ದು ತಡೆಯಲು ರಬ್ಬರ್ ತುರುಕುವ ಬದಲು ಚಿಲಕವನ್ನೇ ವೆಲ್ಡಿಂಗ್‌ನವರ ಹತ್ತಿರ ತುಂಬಿಸಿ ಅರದಿಂದ ಉಜ್ಜಿಸಿ, ಇಲ್ಲವೇ ಬದಲಿಸಿ. ಮೂರನೆಯದು ಡೋರನ್ನು ಅಡ್ಡಕ್ಕೆ ನಿಲ್ಲಿಸುವ ಸರಪಳಿ. ಅದಿರುವುದು ಡೋರಿನ ತೂಕ ಹೊರಲು. ಇಬ್ಬರು ಹಮಾಲರು ಮೂಟೆ ಹೊತ್ತು ಅದರ ಮೇಲೆ ನಿಂತರೆ ಕೊಂಡಿ ಬಿಚ್ಚಿಕೊಳ್ಳುತ್ತದೆ.

ಡೋರು ಬಿಚ್ಚುವಾಗಲೂ ಒಂದು ಕ್ರಮವಿದೆ. ದಾರಿಯುದ್ದಕ್ಕೂ ಕುಲುಕಿ ಸರಕು ಡೋರಿಗೆ ಒರಗಿರುತ್ತದೆ, ಹಾಗಾಗಿ ಚಿಲಕ ಬಿಗಿಯಾಗಿರುತ್ತದೆ. ಎದುರು ನಿಂತು ಕಲ್ಲಿನಲ್ಲಿ ಹೊಡೆದರೆ ಚಿಲಕ ಬಿಟ್ಟ ಕ್ಷಣ ಡೋರೂ ಸರಕೂ ಎದೆಗೇ ಬರುತ್ತವೆ. ಡೋರಿನ ತುದಿಯ ಪಕ್ಕಕ್ಕೆ ನಿಲ್ಲಿ, ಒಂದು ಕೈಯಲ್ಲಿ ಡೋರನ್ನು ಒಳಕ್ಕೆ ಒತ್ತಿ ಹಿಡಿದು ಇನ್ನೊಂದರಲ್ಲಿ ಚಿಲಕ ತೆಗೆಯಿರಿ. ಎರಡು ಚಿಲಕವಿದ್ದರೆ ಎರಡನೆಯದನ್ನು ಇನ್ನೊಬ್ಬರು ತೆಗೆಯಲಿ.

ಹಳೆಯ ಒಂದು ಅನುಕೂಲಕ್ಕೆ ಮಾತ್ರ ಈಗ ಕಾನೂನಿನ ಬಾಗಿಲು ಮುಚ್ಚಿದೆ. ಹಿಂದಿನ ಡೋರನ್ನು ಅಡ್ಡಕ್ಕೆ ಬಿಟ್ಟು, ಬಿದಿರು, ಕಬ್ಬಿಣದ ಸರಳು ಹೊರಚಾಚಿಕೊಂಡು, ತುದಿಗೊಂದು ಕೆಂಪು ಬಟ್ಟೆ ಕಟ್ಟಿ ಓಡಿಸುವುದು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194(1ಎ) ಪ್ರಕಾರ, ಮಿತಿ ಮೀರಿ ಹೊರಚಾಚಿದ ಸರಕಿಗೆ 20,000 ರೂಪಾಯಿ ದಂಡ, ಮೇಲೆ ಸರಕು ಇಳಿಸಿದ ಖರ್ಚೂ ನಿಮ್ಮದೇ. ಸೈಡ್ ಡೋರಿನ ಮೇಲೆ ಜಾಲರಿ ಏರಿಸಿ ಎತ್ತರ ಹೆಚ್ಚಿಸುವುದಿದ್ದರೆ, ಗಾಡಿಯ ಮೂಲ ರೂಪ ಬದಲಿಸುವುದರ ಬಗೆಗಿನ ಅದೇ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕೆಲಸಕ್ಕೆ ಮುಂಚೆ ಆರ್‌ಟಿಒದಲ್ಲಿ ಕೇಳಿ, ಆರ್‌ಸಿಯಲ್ಲಿ ಬರೆಸಿಕೊಳ್ಳಿ.

ಸ್ಟೆಪ್ನಿ ಇಳಿಸುವ ಸರಪಳಿ

ಬಾಡಿಯಡಿಯಲ್ಲಿ ಸರಪಳಿ ಅಥವಾ ಕೇಬಲ್ಲಿಗೆ ಸ್ಟೆಪ್ನಿ ನೇತುಹಾಕಿ, ಹಿಂದಿನಿಂದ ಟಾಮಿ (ಕಬ್ಬಿಣದ ಉದ್ದ ಸರಳು) ತೂರಿಸಿ ತಿರುಗಿಸುವ ವ್ಯವಸ್ಥೆ ತುಂಬ ಹಳೆಯದು. ಮೇಲೆ ಲೋಡಿದ್ದರೂ ಕೆಳಗಿನಿಂದ ಚಕ್ರ ತೆಗೆಯಬಹುದು. ಇದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಇದಕ್ಕಿರುವ ಒಂದೇ ಶತ್ರು ತುಕ್ಕು. ಎರಡು ವರ್ಷ ಮುಟ್ಟದೆ ಬಿಟ್ಟರೆ ಕೆಸರು, ಗೊಬ್ಬರದ ನೀರು, ಕರಾವಳಿಯಲ್ಲಾದರೆ ಉಪ್ಪುಗಾಳಿ ಸೇರಿ ಗೇರನ್ನು ಕಚ್ಚಿಹಿಡಿಸುತ್ತವೆ. ಪಂಕ್ಚರಾದ ದಿನ ಟಾಮಿ ಬಾಗುತ್ತದೆಯೇ ಹೊರತು ಸ್ಟೆಪ್ನಿ ಇಳಿಯುವುದಿಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಪೂರ್ತಿ ನೆಲಕ್ಕೆ ಇಳಿಸಿ. ತಂತಿ ಬ್ರಷ್ಷಿನಲ್ಲಿ ಸರಪಳಿ ಉಜ್ಜಿ, ಗೇರಿನ ಮೇಲೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿ ಗ್ರೀಸು ಬಳಿಯಿರಿ. ಕೇಬಲ್ಲಾದರೆ ಎಳೆ ಕಿತ್ತಿದೆಯೇ ನೋಡಿ. ಒಂದೆರಡು ಎಳೆ ಹೊರಗೆ ಬಂದಿದ್ದರೂ ಬದಲಿಸಿ. ಕೆಳಗಿಳಿದಾಗಲೇ ಗಾಳಿಯನ್ನೂ ನೋಡಿಬಿಡಿ, ಲೋಡಿನ ಹಿಂಚಕ್ರಕ್ಕೆ ಎಷ್ಟು ಬೇಕೋ ಅಷ್ಟು ತುಂಬಿಸಿ. ಹೆಚ್ಚಿದ್ದರೆ ಇಳಿಸುವುದು ಸುಲಭ, ನಡುರಸ್ತೆಯಲ್ಲಿ ತುಂಬಿಸುವುದು ಕಷ್ಟ. ಮೇಲಕ್ಕೆ ಏರಿಸಿದ ಮೇಲೆ ಚಕ್ರವನ್ನು ಕೈಯಲ್ಲಿ ಅಲ್ಲಾಡಿಸಿ. ಅಲ್ಲಾಡಿದರೆ ಇನ್ನೂ ಬಿಗಿಯಾಗಬೇಕು. ಸಡಿಲವಿದ್ದ ಸ್ಟೆಪ್ನಿ ಗುಂಡಿಗುಂಡಿಗೂ ಜಗ್ಗಿ ಸರಪಳಿಯನ್ನು ತಿನ್ನುತ್ತದೆ.

ಡೀಸೆಲ್ ಫಿಲ್ಟರಿನ ಕೈ ಪಂಪು

ಬಾನೆಟ್ಟಿನಡಿ ಫಿಲ್ಟರಿನ ಮೇಲೆ ಒತ್ತುವ ಗುಂಡಿಯೋ, ಪೈಪಿನ ನಡುವೆ ರಬ್ಬರ್ ಉಂಡೆಯೋ ಇದೆಯೇ ಎಂದು ಕೊಳ್ಳುವ ಮುಂಚೆಯೇ ನೋಡಿ. ಡೀಸೆಲ್ ಖಾಲಿಯಾಗಿ ಅಥವಾ ಫಿಲ್ಟರು ಬದಲಿಸಿ ಪೈಪಿನಲ್ಲಿ ಏರ್ ಹಿಡಿದು ಇಂಜಿನ್ ಹತ್ತದಿದ್ದಾಗ ಉಳಿಸುವುದು ಇದೇ. ಟ್ಯಾಂಕಿಗೆ ಕಡಿಮೆಯೆಂದರೆ 5 ಲೀಟರ್ ಹಾಕಿ, ಫಿಲ್ಟರಿನ ಮೇಲಿನ ಏರ್ ಸ್ಕ್ರೂವನ್ನು ಒಂದು ಸುತ್ತು ಸಡಿಲಿಸಿ, ಕೆಳಗೆ ಬಟ್ಟೆ ಹಿಡಿದು ಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಪಂಪನ್ನು ಒತ್ತಿ ಹಿಡಿದಿರುವಾಗಲೇ ಸ್ಕ್ರೂ ಬಿಗಿ ಮಾಡಿ, ಮೊದಲು ಕೈಬಿಟ್ಟರೆ ಏರ್ ಮತ್ತೆ ಒಳಗೆ ಹೋಗುತ್ತದೆ. ಪಂಪು ಗಟ್ಟಿಯಾಗುವ ತನಕ ಇನ್ನಷ್ಟು ಒತ್ತಿ. ಸೆಲ್ಫ್ ಹೊಡೆಯುವುದು ಒಮ್ಮೆಗೆ 10 ಸೆಕೆಂಡ್ ಮೀರದಿರಲಿ, ನಡುವೆ ಅರ್ಧ ನಿಮಿಷ ಬಿಡಿ, ಇಲ್ಲದಿದ್ದರೆ ಬ್ಯಾಟರಿಯೂ ಹೋಗುತ್ತದೆ, ಸೆಲ್ಫ್ ಮೋಟಾರೂ ಸುಡುತ್ತದೆ. ಟ್ಯಾಂಕಿನೊಳಗೆ ಕರೆಂಟ್ ಪಂಪು ಇರುವ ಗಾಡಿಯಾದರೆ ಕೀಲಿಯನ್ನು ಆನ್ ಮಾಡಿ ಹತ್ತು ಸೆಕೆಂಡ್ ಬಿಟ್ಟು ಆಫ್ ಮಾಡುವುದನ್ನು ಮೂರು ನಾಲ್ಕು ಸಲ ಮಾಡಿದರೆ ಅದೇ ತುಂಬಿಕೊಳ್ಳುತ್ತದೆ.

ಹಳೆಯ ಮೆಕ್ಯಾನಿಕ್‌ಗಳು ಇಂಜೆಕ್ಟರ್ ಪೈಪಿನ ನಟ್ಟನ್ನೇ ಸಡಿಲಿಸಿ ಏರ್ ತೆಗೆಯುತ್ತಿದ್ದರು. ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವ ಕಾಮನ್ ರೈಲ್ ಇಂಜಿನ್ನಿನಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಆ ಪೈಪಿನಲ್ಲಿ 1,000 ಬಾರ್‌ಗೂ ಮೀರಿದ ಒತ್ತಡವಿರುತ್ತದೆ. ಸೂಜಿಯಷ್ಟು ಸಣ್ಣ ಚಿಮ್ಮು ಕೂಡ ಚರ್ಮ ತೂರಿ ಒಳಗೆ ಹೋಗುತ್ತದೆ.

ಫಿಲ್ಟರಿನ ಬುಡದ ನೀರಿನ ಟ್ಯಾಪೂ ಇದೇ ಜಾತಿಯದು. ಮೀಟರಿನಲ್ಲಿ ನೀರಿನ ದೀಪ ಹತ್ತಿದರೆ ಇಂಜಿನ್ ನಿಲ್ಲಿಸಿ, ಬಾಟಲಿ ಹಿಡಿದು ಟ್ಯಾಪು ಸಡಿಲಿಸಿ. ಬಾಟಲಿಯಲ್ಲಿ ನೀರು ಕೆಳಗೆ, ಡೀಸೆಲ್ ಮೇಲೆ ನಿಲ್ಲುವುದು ಕಣ್ಣಿಗೇ ಕಾಣುತ್ತದೆ. ಶುದ್ಧ ಡೀಸೆಲ್ ಬರತೊಡಗಿದಾಗ ಕೈಯಲ್ಲೇ ಬಿಗಿ ಮಾಡಿ. ಪಾನಾ ಹಾಕಿದರೆ ಪ್ಲಾಸ್ಟಿಕ್ ಟ್ಯಾಪಿನ ಥ್ರೆಡ್ಡು ಹೋಗುತ್ತದೆ.

ಕೈಯಲ್ಲಿ ತಿರುಗಿಸುವ ಕಿಟಕಿ

ಇದರ ಬಗ್ಗೆ ಅಭಿಮಾನ ಸ್ವಲ್ಪ ಜಾಸ್ತಿಯೇ ಆಯಿತು. ಒಬ್ಬರೇ ಓಡಿಸುವಾಗ ಎಡಗಡೆಯ ಗ್ಲಾಸು ಇಳಿಸಿ ದಾರಿ ಕೇಳಬೇಕೆಂದರೆ ಸೀಟಿನ ಮೇಲೆ ಮಲಗಬೇಕು. ಎಡಕ್ಕೆ ಪವರ್ ವಿಂಡೋ ಇದ್ದರೆ ಅದು ಶೋಕಿಯಲ್ಲ. ಆದರೆ ಇರುವ ಹ್ಯಾಂಡಲ್ ಕಿಟಕಿಯನ್ನು ಕಿತ್ತು ಮೋಟಾರು ಹಾಕಿಸುವ ಮುಂಚೆ ಅದನ್ನೊಮ್ಮೆ ಸರಿಮಾಡಿ ನೋಡಿ. ಬಿಗಿಯಾಗಿರುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಗೇರಲ್ಲ, ಗ್ಲಾಸು ಜಾರುವ ರಬ್ಬರಿನಲ್ಲಿ ಕೂತ ಧೂಳು.

ಗ್ಲಾಸು ಪೂರ್ತಿ ಏರಿಸಿ, ಅಗಲವಾದ ಟೇಪಿನಿಂದ ಬಾಗಿಲ ಚೌಕಟ್ಟಿಗೆ ಅಂಟಿಸಿ. ಹ್ಯಾಂಡಲ್ ನಡುವೆ ಸ್ಕ್ರೂ ಕಾಣದಿದ್ದರೆ ಅದರ ಹಿಂದೆ ಕುದುರೆ ಲಾಳದಂಥ ಸ್ಪ್ರಿಂಗ್ ಲಾಕಿರುತ್ತದೆ. ಹಳೆ ಬಟ್ಟೆಯ ಪಟ್ಟಿಯೊಂದನ್ನು ಹ್ಯಾಂಡಲ್ಲಿಗೂ ವಾಷರಿಗೂ ನಡುವೆ ತೂರಿಸಿ, ಬೂಟು ಪಾಲಿಶ್ ಮಾಡುವಂತೆ ಆಚೀಚೆ ಎಳೆಯಿರಿ. ಲಾಕು ಚಿಮ್ಮಿ ಹೊರಬರುತ್ತದೆ. ಇನ್ನೊಂದು ಕೈ ಅಡ್ಡ ಹಿಡಿದಿಲ್ಲದಿದ್ದರೆ ಅದನ್ನು ಸೀಟಿನಡಿ ಹುಡುಕುವುದೇ ಅರ್ಧ ಗಂಟೆಯ ಕೆಲಸ. ಕೈಹಿಡಿಯ ಸ್ಕ್ರೂ ತೆಗೆದು, ಒಳಹಲಗೆಯನ್ನು ಕ್ಲಿಪ್ಪಿನ ಪಕ್ಕದಲ್ಲೇ ಮೀಟಿ. ದೂರದಿಂದ ಎಳೆದರೆ ಹಲಗೆ ಸೀಳುತ್ತದೆ. ಕ್ಲಿಪ್ಪು ಒಂದೆರಡು ಮುರಿದೇ ಮುರಿಯುತ್ತವೆ, ಐದಾರು ಹೊಸದು ಇಟ್ಟುಕೊಂಡೇ ಕೂರಿ. ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ನಿಧಾನವಾಗಿ ಬಿಡಿಸಿ. ಕಸವೆಂದು ಎಸೆದರೆ ಮೊದಲ ಮಳೆಗೇ ಕಾಲಡಿಯ ಮ್ಯಾಟು ಒದ್ದೆ.

ಈಗ ಟೇಪು ಬಿಚ್ಚಿ, ಲಾಕಿಲ್ಲದೆ ಹ್ಯಾಂಡಲ್ ತೂರಿಸಿ ಗ್ಲಾಸು ಇಳಿಸಿ. ಎರಡೂ ಬದಿಯ ರಬ್ಬರನ್ನು ಸೋಪುನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಗ್ರೀಸು ಬೇಡ, ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಗ್ರೀಸಿನ ಜಾಗ ಒಳಗಿನ ಹಲ್ಲುಪಟ್ಟಿ ಮತ್ತು ರೋಲರ್. ಗಟ್ಟಿಯಾದ ಹಳೆಯದನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ತೆಗೆದು, ಲಿಥಿಯಂ ಗ್ರೀಸು ತೆಳುವಾಗಿ ಬಳಿಯಿರಿ. ಬಾಗಿಲ ಬುಡದ ನೀರಿನ ತೂತುಗಳಿಗೆ ತಂತಿ ಹಾಕಿ ಬಿಡಿಸಿ. ಅವು ಕಟ್ಟಿಕೊಂಡರೆ ನೀರು ಒಳಗೇ ನಿಂತು ಬಾಗಿಲು ತಳದಿಂದ ತುಕ್ಕು ಹಿಡಿಯುತ್ತದೆ. ಎಲ್ಲ ಕೂರಿಸಿದ ಮೇಲೆ ಲಾಕನ್ನು ಮೊದಲು ಹ್ಯಾಂಡಲ್ಲಿಗೆ ಹಾಕಿ, ಆಮೇಲೆ ಅಂಗೈಯಲ್ಲಿ ಒತ್ತಿ. ಟಕ್ ಎಂದರೆ ಕೂತಿತು. ಹ್ಯಾಂಡಲ್ ತಿರುಗಿದರೂ ಗ್ಲಾಸು ಕದಲದಿದ್ದರೆ ಹೆಚ್ಚಾಗಿ ಹ್ಯಾಂಡಲಿನೊಳಗಿನ ಹಲ್ಲು ಸವೆದಿರುತ್ತದೆ. ಅದನ್ನೊಂದು ಬದಲಿಸಿ ನೋಡದೆ ಗ್ಲಾಸು ಏರಿಳಿಸುವ ಪೂರ್ತಿ ರೆಗ್ಯುಲೇಟರ್ ಕೊಳ್ಳಬೇಡಿ.

ಪವರ್ ವಿಂಡೋ ಇಳಿದಲ್ಲೇ ನಿಂತರೆ ಮೊದಲು ಫ್ಯೂಸು, ಆಮೇಲೆ ಮಳೆ ತಾಗಿದ ಸ್ವಿಚ್ಚು. ಒಬ್ಬರು ಸ್ವಿಚ್ಚನ್ನು ಮೇಲಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಗ್ಲಾಸನ್ನು ಎರಡು ಅಂಗೈ ನಡುವೆ ಹಿಡಿದು ಮೇಲಕ್ಕೆಳೆಯಲಿ. ಎಷ್ಟೋ ಸಲ ಅಷ್ಟಕ್ಕೇ ಏರುತ್ತದೆ.

ಫೋರ್ ವೀಲಿನ ಗುಂಡಿ, ಹಬ್ಬಿನ ಲಾಕು

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹಳೆಯ ಜೀಪು ಓಡಿಸಿದವರಿಗೆ ನಾಲ್ಕೂ ಚಕ್ರಕ್ಕೆ ಎಳೆತ ಸಿಗಲು (ಅದೇ ಫೋರ್ ವೀಲ್) ಮುಂಚಕ್ರದ ನಡುವಿನ ಹಬ್ಬನ್ನು ಕೈಯಲ್ಲಿ ತಿರುಗಿಸಿ ಲಾಕು ಮಾಡುವುದು ಗೊತ್ತು. ಹೊಸ ಪಿಕಪ್ಪಿನಲ್ಲಿ ಅದು ಬೇಕಿಲ್ಲ. ಕೆಸರಿಗಿಳಿದ ಮೇಲೆ ಇಳಿದು, ಮೊಣಕಾಲು ಹುದುಗಿಸಿ ಹಬ್ಬು ತಿರುಗಿಸುವುದರಲ್ಲಿ ಸುಖವೇನಿಲ್ಲ. ಒಂದೇ ಹಬ್ಬು ಲಾಕಾಗಿ ಇನ್ನೊಂದು ಬಿಟ್ಟಿದ್ದರೆ ಮುಂದಿನ ಚಕ್ರಗಳಿಗೆ ಎಳೆತವೇ ಹೋಗುವುದಿಲ್ಲ. ಡ್ಯಾಶ್‌ಬೋರ್ಡಿನ ಗುಂಡಿ ಸಾಕು. ಆದರೆ ಅದನ್ನು ಬಳಸದೆ ಇಟ್ಟರೆ ಒಳಗಿನ ಮೋಟಾರು ಸಿಕ್ಕಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಅರ್ಧ ಕಿಲೋಮೀಟರ್ ಫೋರ್ ಹೈನಲ್ಲಿ (ನಾಲ್ಕೂ ಚಕ್ರ ಎಳೆಯುವ ಮಾಮೂಲಿ ವೇಗದ ಗೇರು) ಓಡಿಸಿ. ಒಣ ಡಾಂಬರಿನ ಮೇಲೆ ಬೇಡ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳ ವೇಗ ಬೇರೆಯಾಗಿ, ಜಾರಲು ದಾರಿಯಿಲ್ಲದೆ ಗೇರುಗಳು ಬಿಗಿದುಕೊಳ್ಳುತ್ತವೆ.

ಉಳಿದ ಚಿಲ್ಲರೆ

ಸಿಗರೇಟ್ ಲೈಟರ್ ಸಾಕೆಟ್ ಇರಲಿ, ಲೈಟರ್ ಬೇಡ. 15 ಆಂಪಿಯರ್ ಫ್ಯೂಸಿದ್ದರೆ 12 ವೋಲ್ಟಿಗೆ 180 ವ್ಯಾಟ್ ಮಿತಿ. ಸಣ್ಣ ಗಾಳಿ ಪಂಪು ಓಡುತ್ತದೆ, ಇಂಡಕ್ಷನ್ ಒಲೆ ಓಡುವುದಿಲ್ಲ. ಫ್ಯೂಸು ಹೋಗುತ್ತಿದೆಯೆಂದು 30ರದ್ದು ಹಾಕಿದರೆ ಸುಡುವುದು ವೈರು.

ಇಂಜಿನ್ ಬಿಸಿ ತೋರಿಸುವ ಮುಳ್ಳು ಇರಲೇಬೇಕು. ಬರೀ ಕೆಂಪು ದೀಪವಿದ್ದರೆ ಘಾಟಿ ಹತ್ತುವಾಗ ಅದು ಹೊತ್ತುವ ಹೊತ್ತಿಗೆ ತಡವಾಗಿರುತ್ತದೆ. ಮುಳ್ಳಿಲ್ಲದ ಗಾಡಿಯಾದರೆ ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಇಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಜಾಗ) ಅಗ್ಗದ ಡಾಂಗಲ್ ಚುಚ್ಚಿ ಮೊಬೈಲಿನಲ್ಲಿ ನೋಡಬಹುದು.

ತಳ್ಳಿ ಸ್ಟಾರ್ಟ್ ಮಾಡುವ ಕಾಲ ಮುಗಿಯಿತು ಎಂದೇ ತಿಳಿಯಿರಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಂಪ್ಯೂಟರಿಗೂ ಇಂಜೆಕ್ಟರಿಗೂ ಕರೆಂಟ್ ಇಲ್ಲದೆ ಎಷ್ಟು ತಳ್ಳಿದರೂ ಹತ್ತುವುದಿಲ್ಲ, ಮೇಲೆ ಇಂಜಿನ್ ಇಲ್ಲದೆ ಬ್ರೇಕೂ ಸ್ಟೀರಿಂಗೂ ಕಲ್ಲಾಗಿರುತ್ತವೆ. ದಪ್ಪ ಜಂಪ್ ಕೇಬಲ್ ಇಟ್ಟುಕೊಳ್ಳಿ. ಕೆಂಪು ಎರಡೂ ಪ್ಲಸ್ಸಿಗೆ, ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ಕಪ್ಪು ಕ್ಲಿಪ್ಪು ಕೆಟ್ಟ ಗಾಡಿಯ ಇಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ.

ಹೆಡ್‌ಲೈಟಿಗೆ ಎಚ್4 ಎಂಬ ಹ್ಯಾಲೋಜನ್ ಬಲ್ಬಿನ ಹಳೆಯ ಪದ್ಧತಿ ನಮ್ಮ ಕಡೆ ಇನ್ನೂ ಲಾಭದ್ದೇ. ಯಾವ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ, ಗಾಜಿಗೆ ಬೆರಳು ತಾಗಿಸದೆ ಐದು ನಿಮಿಷದಲ್ಲಿ ಹಾಕಬಹುದು. 60/55 ವ್ಯಾಟಿನದನ್ನೇ ಹಾಕಿ. 100/90ರದ್ದು ಹಾಕಿದರೆ ಹೋಲ್ಡರು ಕರಗಿ, ಒಳಗಿನ ಹೊಳಪು ಸುಲಿದು ಬೆಳಕು ಮೊದಲಿಗಿಂತ ಕಡಿಮೆಯಾಗುತ್ತದೆ.

ಎಸಿ ಬಗ್ಗೆ ಒಂದು ಗೊಂದಲವಿದೆ. 2025ರ ಅಕ್ಟೋಬರ್ 1ರ ನಂತರ ತಯಾರಾದ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವೆಂಬ ನಿಯಮ ಒಟ್ಟು ತೂಕ 3.5 ಟನ್ ಮೀರಿದ ಗಾಡಿಗಳಿಗೆ. ಅದಕ್ಕಿಂತ ಕಡಿಮೆಯ ಪಿಕಪ್ಪಿನಲ್ಲಿ ಅದು ನಿಮ್ಮ ಆಯ್ಕೆ. ಹಗಲಿಡೀ ಓಡುವ ಡ್ರೈವರ್ ಇದ್ದರೆ ಹಾಕಿಸಿ, ಇದರಲ್ಲಿ ಜಿಪುಣತನ ಬೇಡ.

ಗಾಡಿ ಡೆಲಿವರಿಯ ದಿನ ಹೂವಿನ ಹಾರಕ್ಕೆ ಮುಂಚೆ ಸ್ಟೆಪ್ನಿಯನ್ನು ಅಲ್ಲೇ ನೆಲಕ್ಕೆ ಇಳಿಸಿ ಏರಿಸಿ. ಜಾಕು, ಟಾಮಿ, ವೀಲ್ ಪಾನಾ ಮೂರೂ ಕೈಗೆ ಬರಲಿ, ಟಾಮಿಯ ತುದಿ ತೂತಿಗೆ ಸರಿಯಾಗಿ ಕೂರುತ್ತದೆಯೇ ನೋಡಿ. ಮೂರೂ ಡೋರನ್ನು ಬಿಚ್ಚಿ ಹಾಕಿಸಿ, ಡೀಸೆಲ್ ಪಂಪು ಎಲ್ಲಿದೆ ಎಂದು ಷೋರೂಮಿನವರಿಂದಲೇ ತೋರಿಸಿಕೊಳ್ಳಿ.