ಶುಗರ್ ಇರುವವರ ಪಾದ: ನಾನು ನೋಡುವ ಕ್ರಮ

ಪಾದ ಮುಟ್ಟುವ ಮೊದಲು, ಹೊರಗೆ ಬಿಟ್ಟ ಚಪ್ಪಲಿಯನ್ನು ತರಿಸಿ ಮಗುಚಿ ನೋಡುತ್ತೇನೆ. ಅಡಿಯಲ್ಲಿ ಮೊಳೆಯೋ ಮುಳ್ಳೋ ಒಳಗಿನವರೆಗೂ ಹೊಕ್ಕಿದ್ದು, ಹಾಕಿಕೊಂಡವರಿಗೆ ಅದು ಗೊತ್ತೇ ಇಲ್ಲದಿದ್ದರೆ ಸ್ಪರ್ಶದ ಅರ್ಧ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಉಳಿದರ್ಧಕ್ಕೆ 10 ಗ್ರಾಂ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆ ಸಾಕು. ಮೊದಲು ಕೈಗೆ ಮುಟ್ಟಿಸಿ ತೋರಿಸುತ್ತೇನೆ. ಆಮೇಲೆ ಕಣ್ಣು ಮುಚ್ಚಿಸಿ ಹೆಬ್ಬೆರಳಿನ ಅಡಿ, ಅದರ ಬುಡದ ಉಬ್ಬು, ಕಿರುಬೆರಳಿನ ಬುಡ, ಈ ಮೂರು ಕಡೆ ಎಳೆ ಬಾಗುವಷ್ಟು ನೇರವಾಗಿ ಒತ್ತಿ ತೆಗೆಯುವುದು. ಪ್ರತಿ ಸಲ ಒಟ್ಟು ಎರಡು ಸೆಕೆಂಡು. ಒಂದೊಂದು ಕಡೆಯೂ 3 ಸಲ ಕೇಳುತ್ತೇನೆ, ಅದರಲ್ಲಿ ಒಂದು ಸಲ ಮುಟ್ಟದೆಯೇ, "ಈಗ ಗೊತ್ತಾಯಿತಾ ಅಜ್ಜ?" ಅಂತ. ಎರಡು ಉತ್ತರ ತಪ್ಪಿದರೆ ಅಲ್ಲಿ ಸ್ಪರ್ಶ ಹೋಗಿದೆ ಎಂದೇ ಲೆಕ್ಕ. ಆಣಿಯ ಮೇಲೆ ಒತ್ತಬಾರದು, ಪಕ್ಕದಲ್ಲಿ ಒತ್ತಬೇಕು. ಹತ್ತು ಜನರನ್ನು ನೋಡಿದ ಎಳೆಗೆ 24 ಗಂಟೆ ಬಿಡುವು ಬೇಕು, ಇಲ್ಲದಿದ್ದರೆ ಅದು ಸೋತು ಬೇಗ ಬಾಗುತ್ತದೆ.

ಮನೆಯಲ್ಲಾದರೆ ಬೆರಳೇ ಸಾಕು. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಆರರಲ್ಲಿ ಎರಡು ಗೊತ್ತಾಗದಿದ್ದರೆ ತೋರಿಸಿಕೊಳ್ಳಬೇಕು.

ಪಾದದ ಮೇಲೆ, ಕಣಕಾಲಿನ ಒಳಬದಿಯ ಗಂಟಿನ ಹಿಂದೆ ನಾಡಿ ಸಿಗದಿದ್ದರೆ ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸುತ್ತೇನೆ. ಕಾಲಿನ ರಕ್ತದೊತ್ತಡವನ್ನು ಕೈಯದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರಕ್ತ ಸಾಲದು. ಹಳೆಯ ಶುಗರಿನಲ್ಲಿ ರಕ್ತನಾಳದ ಗೋಡೆ ಗಡುಸಾಗಿ ಲೆಕ್ಕ 1.3 ದಾಟುವುದೂ ಉಂಟು. ಅದನ್ನು ಒಳ್ಳೆಯದೆಂದು ನಂಬಬೇಡಿ. ಬೀಡಿ ಸೇದುವವರಲ್ಲಿ ಈ ಪರೀಕ್ಷೆಯನ್ನು ಬಿಡುವ ಹಾಗೇ ಇಲ್ಲ.

ಕಾಸರಗೋಡಿನ ಕಡೆ ನನಗೆ ದೊಡ್ಡ ತಲೆನೋವು ಬರಿಗಾಲು. ಬದಿಯಡ್ಕ, ಪೆರ್ಲದ ಬದಿ ಬೇಸಗೆಯಲ್ಲಿ ಅಡಿಕೆ ಹರಗುವ ಅಂಗಳ, ದೇವಸ್ಥಾನದ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ: ಬೊಕ್ಕೆ ಎದ್ದರೂ ಸ್ಪರ್ಶ ಹೋದವರಿಗೆ ತಿಳಿಯುವುದಿಲ್ಲ. ಪ್ರದಕ್ಷಿಣೆ ಬೆಳಗ್ಗೆ ಬೇಗ ಮುಗಿಸಿ. ಅಂಗಳಕ್ಕೂ, ಮನೆಯೊಳಗೂ ಬೇರೆ ಬೇರೆ ಚಪ್ಪಲಿ ಇರಲಿ. ಬೆರಳ ಸಂದಿಯಲ್ಲಿ ಬಾರು ಬರುವ ಹವಾಯಿ ಬೇಡ. ಒಳಗೆ ಎಂಸಿಆರ್ ಎಂಬ ಮೆತ್ತಗಿನ ರಬ್ಬರ್, ಹೊರಗೆ ಮೊಳೆ ತೂರದ ಗಟ್ಟಿ ಅಡಿ, ಹಿಂದೆ ಪಟ್ಟಿ ಇರಬೇಕು. ಮುಚ್ಚಿದ ಶೂ ಆದರೆ ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂ.ಮೀ. ಹೆಚ್ಚಿರಲಿ, ಸಂಜೆ, ಪಾದ ಸ್ವಲ್ಪ ಊದಿರುವಾಗ, ನಿಂತು ಅಳತೆ ಕೊಡಿ.

ಮಳೆಗಾಲದಲ್ಲಿ ಬೆರಳ ಸಂದಿ ಒರೆಸಿ ಒಣಗಿಸಿ. ತೆಂಗಿನೆಣ್ಣೆ ಹಿಮ್ಮಡಿಗೆ ಸರಿ, ಸಂದಿಗೆ ಬೇಡ. ಬಿಸಿನೀರಲ್ಲಿ ಕಾಲು ಅದ್ದಬೇಡಿ.

ಆಣಿಗೆ ಮೆಡಿಕಲ್ಲಿನ ಕಾರ್ನ್ ಪ್ಲಾಸ್ಟರ್ ಅಂಟಿಸಬೇಡಿ, ಅದರ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ನಾನು ಸರ್ಜಿಕಲ್ ಬ್ಲೇಡಿನಿಂದ ಪದರಪದರವಾಗಿ ಹೆರೆಯುತ್ತೇನೆ. ಹೆರೆದ ಪದರದಡಿ ಕಪ್ಪು-ಕೆಂಪು ಚುಕ್ಕೆ ಕಂಡರೆ ಹುಣ್ಣು ಆಗಲೇ ಶುರುವಾಗಿದೆ. ಶುಗರಿನಿಂದ ಕತ್ತರಿಸಬೇಕಾದ ಕಾಲುಗಳಲ್ಲಿ ಸುಮಾರು 85% ಇಂಥ ಒಂದು ಹುಣ್ಣಿನಿಂದಲೇ ಆರಂಭ.

ಅಂಗಾಲಿನ ಹುಣ್ಣಿಗೆ ಎಷ್ಟು ದುಬಾರಿ ಡ್ರೆಸ್ಸಿಂಗ್ ಹಾಕಿದರೂ ಅದರ ಮೇಲೇ ನಡೆದರೆ ಮಾಯುವುದಿಲ್ಲ. ರಕ್ತಸಂಚಾರ ಸರಿಯಿದ್ದು, ಸೋಂಕು ಹಿಡಿತದಲ್ಲಿದ್ದರೆ ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿ ಭಾರ ಹಂಚುವುದೇ ನನಗೆ ಹೆಚ್ಚು ಫಲ ಕೊಟ್ಟ ದಾರಿ. ಬಿಚ್ಚಲು ಬರುವ ಬೂಟು ಕೊಟ್ಟರೆ ಬಚ್ಚಲಿಗೆ ಹೋಗುವಾಗ ಬಿಚ್ಚಿಯೇ ಬಿಚ್ಚುತ್ತಾರೆ.

ಹುಣ್ಣಿನ ಸುತ್ತ ಕೆಂಪು 2 ಸೆಂ.ಮೀ.ಗಿಂತ ಹೆಚ್ಚು ಹರಡಿದರೆ, ಬೆರಳು ಕಪ್ಪಾದರೆ, ವಾಸನೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ. ಗಾಯವಿಲ್ಲದೆ ಒಂದೇ ಪಾದ ಊದಿ ಬಿಸಿಯಾಗಿದ್ದರೆ ಉಳುಕೆಂದು ಉಜ್ಜಿಸಬೇಡಿ. ಅದು ಶಾರ್ಕೋ, ಅಂದರೆ ಸ್ಪರ್ಶ ಹೋದ ಪಾದದ ಎಲುಬು-ಕೀಲು ಕುಸಿಯುವ ರೋಗ, ಇರಬಹುದು. ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಒಳಗೆ ಎಲುಬು ಕುಸಿಯುತ್ತಿರುತ್ತದೆ, ಆ ಕಾಲನ್ನು ನೆಲಕ್ಕೆ ಊರಿಸಲೇಬಾರದು.